ದಾಕು ಹಾಕಿಸಿಕೊಳ್ಳದ ನಾಲ್ವರು

ಶಿರಾದ ಜನಕ್ಕೆ ಒಂದು ಕೆಟ್ಟ ಚಾಳಿ ಇದೆ. ಬೋರ್ಡಿನ ಮೇಲೆ ಏನಿದೆಯೋ ಅದು ಅಂಗಡಿಯೊಳಗೆ ಇರಲೇಬೇಕು, ಅದೂ ಹಾಗೆಯೇ ಇರಬೇಕು ಅನ್ನುತ್ತಾರೆ. ಬೋರ್ಡು ಬರೆದು ಹೊಟ್ಟೆ ಹೊರೆಯುವ ನನ್ನಂಥವನಿಗೆ ಇದಕ್ಕಿಂತ ದೊಡ್ಡ ಶತ್ರು ಬೇರೆ ಇಲ್ಲ. ಒಮ್ಮೆ ಒಂದು ಮಿಲಿಟರಿ ಹೋಟೆಲಿನ ಗೋಡೆಗೆ ಹುಂಜ ಬರೆದೆ. ಕೆಂಪು ಜುಟ್ಟು, ನೀಲಿ ಬಾಲ, ನೋಡಿದರೆ ಈಗ ಕೂಗುತ್ತದೆ ಅನ್ನಬೇಕು. ಮೂರನೆಯ ದಿನ ಯಾರೋ ಒಬ್ಬ ಗೌಡ ಎಲೆ ಮುಂದೆ ಕೂತು, "ನೀಲಿ ಬಾಲದ್ದನ್ನೇ ಕುಯ್ದಿದ್ದೀರೇನ್ರಪ್ಪಾ?" ಎಂದ. ಹೌದು ಎಂದರು. "ಹಂಗಾದ್ರೆ ಪುಕ್ಕ ತೋರ್ಸಿ" ಎಂದ. ಪುಕ್ಕ ಸಿಗಲಿಲ್ಲ, ಗೌಡ ಉಣ್ಣದೆ ಎದ್ದು ಹೋದ. ಆ ಸಂಜೆ ನಾನೇ ಏಣಿ ಹತ್ತಿ ನೀಲಿ ಬಾಲವನ್ನು ಕಂದು ಮಾಡಿಬಂದೆ.

ನಮ್ಮ ಕೆಂಪಯ್ಯನಿಗೆ ಸಿಟ್ಟು ಜಾಸ್ತಿ ಎಂದು ನಮ್ಮವ್ವ ನನ್ನ ಬಗ್ಗೆ ಊರೆಲ್ಲಾ ಹೇಳಿಕೊಂಡು ತಿರುಗುತ್ತಾಳೆ. ಸುಳ್ಳು. ಊರಿಗೆ ಬುದ್ಧಿ ಕಡಿಮೆ, ಅಷ್ಟೆ. ಐದನೇ ಕ್ಲಾಸಿನಲ್ಲಿ ಕರಿಹಲಗೆಯ ಮೇಲೆ ಮೇಷ್ಟ್ರ ಚಿತ್ರ ಬರೆದೆ, ಹೊಡೆದರು. ಹೊಡೆದದ್ದಕ್ಕೆ ನಾನು ಬೇಜಾರು ಮಾಡಿಕೊಳ್ಳಲಿಲ್ಲ. "ನನ್ನ ಮೂಗು ಹಿಂಗಿದೆಯೇನೋ?" ಎಂದರಲ್ಲ, ಅದಕ್ಕೆ ಸ್ಕೂಲು ಬಿಟ್ಟೆ. ಮೂಗು ಹಾಗೇ ಇತ್ತು.

ಈಗ ಆ ನಾಲ್ವರ ವಿಷಯಕ್ಕೆ ಬರುತ್ತೇನೆ.

ಅರವತ್ತಾರನೇ ಇಸವಿಯಲ್ಲಿ ರೇಡಿಯೋ ರಿಪೇರಿ ಇಸಾಕ್ ಬೆಂಗಳೂರಿನಿಂದ ರೇಡಿಯೋದೊಳಗೆ ಕೂರಿಸುವ ಒಂದು ಗಾಜಿನ ವಾಲ್ವ್ ತರಿಸಿದ. ಅದು ಒಡೆಯದಿರಲಿ ಎಂದು ಯಾವುದೋ ಇಂಗ್ಲಿಷ್ ಪತ್ರಿಕೆಯ ಹಾಳೆಯಲ್ಲಿ ಸುತ್ತಿ ಕಳಿಸಿದ್ದರು. ಹಾಳೆ ಬಿಡಿಸಿದರೆ ನಾಲ್ಕು ಜನ ಹುಡುಗರು. ಹುಬ್ಬಿನವರೆಗೆ ಇಳಿದ ಕೂದಲು, ಕುತ್ತಿಗೆಯವರೆಗೆ ಗುಂಡಿ ಹಾಕಿದ ಕರಿ ಕೋಟು, ಕೈಯಲ್ಲಿ ಉದ್ದ ಕತ್ತಿನ ವಾದ್ಯಗಳು. ಹೆಸರು ಇರಬೇಕಾದ ಜಾಗದಲ್ಲಿ ವಾಲ್ವಿನ ಮೂತಿ ತೂರಿ ತೂತಾಗಿತ್ತು.

"ಇವ್ರು ಸಮುದ್ರದಾಚೆ ದೊಡ್ಡ ಪಾರ್ಟಿ ಕಣೋ. ಹಾಡೋಕೆ ನಿಂತ್ರೆ ಜನ ಮೂರ್ಛೆ ಹೋಗ್ತಾರಂತೆ" ಎಂದ ಇಸಾಕ್. ಅವನಿಗೆ ಹೇಗೆ ಗೊತ್ತು ಎಂದು ಕೇಳಬೇಡಿ. ರೇಡಿಯೋ ರಿಪೇರಿಯವನಿಗೆ 'ಗೊತ್ತಿಲ್ಲ' ಎನ್ನುವ ಮಾತೊಂದು ಮಾತ್ರ ಗೊತ್ತಿರುವುದಿಲ್ಲ. ವಾಲ್ವ್ ಹಾಕಿ ಗುಂಡಿ ತಿರುಗಿಸಿದ. ಸಿಲೋನ್ ಸ್ಟೇಷನ್ನಿನಿಂದ ಒಂದು ಹಾಡು ಬಂತು. "ಇವರದ್ದೇ!" ಎಂದ. ಎರಡೂವರೆ ನಿಮಿಷ ಕೇಳಿದೆ. ಅದರಲ್ಲಿ ಒಂದೂವರೆ ನಿಮಿಷ ಬರೀ ಗರಗರ. ಉಳಿದ ಒಂದು ನಿಮಿಷಕ್ಕೆ ನಾನು ಆ ನಾಲ್ವರಿಗೆ ಜೀವ ಬರೆದುಕೊಟ್ಟೆ. ಹಾಳೆಯನ್ನು ಮಡಿಸಿ ಜೇಬಿಗೆ ಹಾಕಿಕೊಂಡೆ. ಮಾರನೆಯ ದಿನದಿಂದ ಏಣಿ ಹತ್ತಿದಾಗೆಲ್ಲ ಬಾಯಲ್ಲಿ ಅದೇ ಹಾಡಿನ ಶಿಳ್ಳೆ.

ಆ ಸಮಯಕ್ಕೇ ಬ್ಯಾಂಡ್‌ಸೆಟ್ಟಿನ ನಸ್ರುಲ್ಲಾ ಸಾಹೇಬರು ಕರೆದರು. ಶಿರಾದಿಂದ ಪಾವಗಡದವರೆಗೆ ಯಾವ ಮದುವೆಯಾದರೂ ಅವರ ಕ್ಲಾರಿಯೋನೆಟ್ಟು ಊದದೆ ತಾಳಿ ಬೀಳುತ್ತಿರಲಿಲ್ಲ. ಸೆಟ್ಟಿನಲ್ಲಿ ನಾಲ್ಕೇ ಜನ. ಕ್ಲಾರಿಯೋನೆಟ್ಟಿಗೆ ಅವರು, ತುತ್ತೂರಿಗೆ ತಮ್ಮ, ತಾಳಕ್ಕೆ ಅಳಿಯ, ಡ್ರಮ್ಮಿಗೆ ಷಡ್ಡಕ.

"ಕೆಂಪ, ನಮ್ದು ನಾಲ್ಕೂ ಜನಾನ ಬೋರ್ಡಿಗೆ ಬರಿ ಬೇಟಾ. ಬಸ್‌ಸ್ಟ್ಯಾಂಡಿಂದ ನೋಡಿದ್ರೆ ಕಾಣ್ಬೇಕು" ಎಂದವರೇ ಮಧುಗಿರಿ ಕಡೆ ಮದುವೆಗಳಿವೆ ಎಂದು ಒಂದು ವಾರ ಹೊರಟುಹೋದರು.

ನಾಲ್ಕು ಜನ ಬರಿ ಅಂದರು. ನಾಲ್ಕು ಜನ ಬರೆದೆ. ಯಾವ ನಾಲ್ವರು ಎಂದು ಬೇರೆ ಹೇಳಬೇಕೆ? ಏಳಡಿ ಅಗಲದ ತಗಡು, ಹೊಸ ಬಣ್ಣ, ಎದುರಿಗೆ ಯಾರೂ ಇಲ್ಲ. ನನ್ನ ಜಾಗದಲ್ಲಿ ನೀವಿದ್ದರೂ ಅದನ್ನೇ ಮಾಡುತ್ತಿದ್ದಿರಿ. ಒಂದೊಂದು ಕೂದಲನ್ನೂ ಬಿಡಿಬಿಡಿಯಾಗಿ ಬರೆದೆ. ಕೆಳಗೆ 'ನಸ್ರುಲ್ಲಾ ಬ್ಯಾಂಡ್ ಸೆಟ್, ಶಿರಾ' ಎಂದು ಬರೆದು ಕಟ್ಟಿದೆ.

ಸಾಹೇಬರು ವಾಪಸು ಬಂದು ತಲೆಯೆತ್ತಿ ನೋಡಿದರು. ಟೋಪಿ ತೆಗೆದು, ಮತ್ತೆ ಹಾಕಿಕೊಂಡು ನೋಡಿದರು.

"ಅರೆ, ಇದು ಯಾರೋ? ನನ್ನ ಮೀಸೆ ಎಲ್ಲಿ? ನಮ್ಮ ಷಡ್ಡಕನಿಗೆ ತಲೇಲಿ ಒಂದು ಕೂದ್ಲಿಲ್ಲ, ಇಲ್ಲಿ ಹೆಂಗಸ್ರ ಥರ ಬಿಟ್ಟಿದ್ದೀಯ!"

ಹೊಸಿಲಲ್ಲಿ ನಿಂತಿದ್ದ ಅವರ ಹೆಂಡತಿ ಹಮೀದಾ ಬೇಗಂ, "ಇರ್ಲಿ ಬಿಡಿ. ನಿಮ್ಮ ನಾಲ್ಕೂ ಜನದ ಮುಖ ಅಲ್ಲಿ ಹಾಕಿದ್ರೆ ಮಣ್ಣಿಗೆ ಹೋಗಿಬಂದೋರ ಥರ ಇರ್ತಿತ್ತು. ಇವ್ರು ನಗ್ತಾ ಇದ್ದಾರೆ" ಎಂದರು. ಸಾಹೇಬರು ಊರಿಗೆಲ್ಲ ಬ್ಯಾಂಡ್ ಮಾಸ್ತರು, ಮನೆಗೆ ಅಲ್ಲ. ಬೋರ್ಡು ಉಳಿಯಿತು. ಆದರೆ ನನ್ನ ಕಿವಿ ಹಿಂಡಿ ಒಂದು ಮಾತು ಹೇಳಿದರು: "ಈ ಬೋರ್ಡಿಂದ ಒಂದೇ ಒಂದು ಮದ್ವೆ ಕೆಡ್ಲಿ, ಇದನ್ನ ಇಳಿಸಿ ಬಚ್ಚಲಿಗೆ ಮರೆ ಕಟ್ತೀನಿ."

ನನ್ನ ನಾಲ್ವರು ಬಚ್ಚಲಿಗೆ! ಹಾಗಾಗಲು ಬಿಡುವುದಿಲ್ಲ ಎಂದು ಅವತ್ತೇ ಆಣೆ ಮಾಡಿದೆ.

ನಾಲ್ಕು ದಿನಕ್ಕೆ ಕಳ್ಳಂಬೆಳ್ಳದ ಗಂಗಹನುಮಯ್ಯ ಬಂದರು. ಮಗಳ ಮದುವೆ ಗೊತ್ತಾಗಿತ್ತು. ಗಂಡು ಪಾವಗಡ ತಾಲ್ಲೂಕಿನ ವಳ್ಳೂರಿನವನು. ನಾನು ಬೋರ್ಡಿನ ಚೌಕಟ್ಟಿಗೆ ಬಣ್ಣ ಹಚ್ಚುತ್ತಾ ಏಣಿ ಮೇಲಿದ್ದೆ.

"ಸಾಹೇಬ್ರೇ, ನಮ್ಮ ಬೀಗ್ರು ತಿಮ್ಮರಾಯಪ್ಪನೋರು ಬಸ್ಸಿಳಿದಾಗ ನಿಮ್ಮ ಬೋರ್ಡು ನೋಡ್ಬುಟ್ಟವ್ರೆ. ಈ ನಾಲ್ಕು ಜನಾನೇ ಬೇಕು ಅಂತ ಕುಂತವ್ರೆ. ಬತ್ತಾರೋ?"

"ಯಾಕೆ ಬರಲ್ಲ? ಅದೇ ಅಲ್ವಾ ನಮ್ಮ ಕಸುಬು!" ಎಂದರು ಸಾಹೇಬರು.

"ಊಟಕ್ಕೆ ಏನ್ಮಾಡಾಣ? ಮುದ್ದೆ ಉಂಡಾರಾ?"

"ಒಬ್ಬೊಬ್ಬ ಎರಡೆರಡು."

"ಅಯ್ಯೋ ಸಿವನೆ, ಹಂಗಾದ್ರೆ ಸಲೀಸು. ನೆಲದ್ ಮ್ಯಾಲೆ ಕುಂತ್ಕಂತಾರಾ?"

"ಮತ್ತೇನು, ಮರದ ಮೇಲೆ ಕೂತ್ಕೊಳ್ತಾರಾ?"

ನನ್ನ ಸಿಟ್ಟು ನೆತ್ತಿಗೇರಿತು. ಆ ನಾಲ್ವರು ಚಕ್ಕಲಮಕ್ಕಲ ಹಾಕಿ ಮುದ್ದೆ ಮುರಿಯುವುದೆಂದರೇನು? ಏಣಿಯ ಮೇಲಿಂದಲೇ ಕೂಗಿದೆ: "ರೀ ಯಜಮಾನ್ರೇ, ಅವರು ಸಮುದ್ರದಾಚೆಯೋರು! ಮುದ್ದೆ ಕಣ್ಣಲ್ಲೂ ನೋಡಿಲ್ಲ!"

ಗಂಗಹನುಮಯ್ಯ ನನ್ನನ್ನು ನೋಡಿದರು, ಸಾಹೇಬರನ್ನು ನೋಡಿದರು, ಕೊನೆಗೆ ಬೋರ್ಡನ್ನು ನೋಡಿದರು.

"ಅಂಗಾದ್ರೆ ಎರಡೆರಡು ಉಣ್ಣೋರು ಯಾರು?"

ಸಾಹೇಬರು ತಮ್ಮ ಎದೆ ತಟ್ಟಿಕೊಂಡರು. ಗಂಗಹನುಮಯ್ಯ ಜಗಲಿಯ ಮೇಲೆ ಕುಸಿದು ಕೂತರು. ಆಮೇಲೆ ಹೇಳಿದ್ದು ಇಷ್ಟು. ತಿಮ್ಮರಾಯಪ್ಪ ಮಾತಿನ ಮನುಷ್ಯ. ಆಡಿದ ಮಾತು ಒಂದು ಎಳೆ ತಪ್ಪಿದರೂ ಒಪ್ಪುವವನಲ್ಲ. ದೊಡ್ಡ ಮಗನ ಮದುವೆಗೆ ಬೂಂದಿ ಉಂಡೆ ಅಂದಿದ್ದವರು ಮೈಸೂರುಪಾಕು ಮಾಡಿದ್ದರು. ಊರಬಾಗಿಲಿನಿಂದಲೇ ದಿಬ್ಬಣ ತಿರುಗಿಸಿಕೊಂಡು ಹೋದವನು. ಆ ಮಗನಿಗೆ ಇನ್ನೂ ಹೆಣ್ಣು ಸಿಕ್ಕಿಲ್ಲ. ಈ ಸಲ ವಳ್ಳೂರಿನಲ್ಲೆಲ್ಲ ಬೋರ್ಡಿನ ನಾಲ್ವರು ಬರುತ್ತಾರೆಂದು ಸಾರಿ ಆಗಿತ್ತು.

"ನನ್ನ ಮಗಳ ಮದ್ವೆ ಕೆಟ್ರೆ ಕೆರೆಗೆ ಹಾರ್ಕಂತೀನಿ" ಎಂದರು.

ಸಾಹೇಬರು ನನ್ನ ಕಡೆ ತಿರುಗಿ ಬಚ್ಚಲಿನ ಕಡೆ ಬೆರಳು ತೋರಿಸಿದರು.

ನಾನು ಸುಮ್ಮನಿದ್ದರೆ ಅಲ್ಲಿಗೇ ಮುಗಿಯುತ್ತಿತ್ತೇನೋ. ಆದರೆ 'ಸಮುದ್ರದಾಚೆಯೋರು' ಎಂದು ನಾನು ಕೂಗಿದ್ದು ಬಸ್‌ಸ್ಟ್ಯಾಂಡಿಗೆಲ್ಲ ಕೇಳಿಸಿತ್ತು. ಮಾರನೆಯ ದಿನ ಸೈಕಲ್ಲಿನ ಮೇಲೆ ವೆಂಕಟರಾಮಯ್ಯನವರು ಬಂದಿಳಿದರು. ಸಿಡುಬು ಬರದ ಹಾಗೆ ತೋಳಿಗೆ ಸೂಜಿ ಚುಚ್ಚಿ ದಾಕು ಹಾಕುವ ಸರ್ಕಾರಿ ನೌಕರರು. ಅವರ ಸೈಕಲ್ ಗಂಟೆ ಕೇಳಿದರೆ ಹಳ್ಳಿಗೆ ಹಳ್ಳಿಯೇ ಬಾಗಿಲು ಹಾಕಿಕೊಳ್ಳುತ್ತದೆ.

"ಪರದೇಶದೋರು ನಾಲ್ಕು ಜನ ಬಂದಿದ್ದಾರಂತೆ. ಎಲ್ಲಿ?"

"ಬಂದಿಲ್ಲ ಸ್ವಾಮಿ" ಎಂದೆ.

"ಬಂದಿಲ್ಲ ಅಂದ್ರೆ ಒಳಗಿದ್ದಾರೆ ಅಂತ ಅರ್ಥ. ಇಪ್ಪತ್ತು ವರ್ಷದ ಸರ್ವೀಸು ನಂದು. ನಾನು ಹೋದ್ರೆ ಮಕ್ಕಳನ್ನ ರಾಗಿ ವಾಡೆಯೊಳಗೆ ಇಳಿಸಿ, ನಮಗೆ ಮಕ್ಕಳೇ ಆಗ್ಲಿಲ್ಲ ಸ್ವಾಮಿ ಅಂತ ಅಳ್ತಾರೆ. ಒಂದ್ಸಲ ಆರು ಮಕ್ಕಳ ತಾಯಿ ಹಂಗೆ ಅತ್ತಳು." ಬೋರ್ಡಿನ ಕಡೆ ಕನ್ನಡಕ ಎತ್ತಿದರು. "ಇವರೇನು? ದಾಕು ಹಾಕಿದೆಯೋ?"

"ಅದು ಚಿತ್ರ ಕಣ್ರೀ!"

"ಗೊತ್ತು. ಚಿತ್ರದಲ್ಲೇ ಮಣಿಕಟ್ಟಿನವರೆಗೂ ತೋಳು ಮುಚ್ಚಿಕೊಂಡಿರೋರು ನಿಜದಲ್ಲಿ ತೋರಿಸ್ತಾರಾ? ಏನೋ ಇರೋದಕ್ಕೇ ಮುಚ್ಚಿದ್ದಾರೆ." ರಿಜಿಸ್ಟರ್ ತೆಗೆದು ಬರೆದುಕೊಂಡರು. "ಹೆಸರು?"

"ಗೊತ್ತಿಲ್ಲ."

"ತಂದೆ ಹೆಸರು?"

"ಗೊತ್ತಿಲ್ಲ."

"ನಾಲ್ವರಿಗೂ ತಂದೆ ಗೊತ್ತಿಲ್ಲ" ಎಂದು ಬಹಳ ದುಃಖದಿಂದ ಬರೆದರು. "ನೋಡಯ್ಯಾ, ದಾಕಿನ ಗುರುತು ಕಾಣದೆ ಇರೋರು ಊದೋ ಮದುವೆ ನಡೆಯೋಕೆ ನಾನು ಬಿಡಲ್ಲ. ಅಮಲ್ದಾರರಿಗೆ ಬರೀತೀನಿ."

ಅವತ್ತೂ ಬಂದು ಜಗಲಿಯ ಮೇಲೆ ಕೂತಿದ್ದ ಗಂಗಹನುಮಯ್ಯ ನನ್ನ ಕಾಲು ಹಿಡಿಯಲು ಬಂದರು. ಅಪ್ಪನ ವಯಸ್ಸಿನವರು. ಇನ್ನೇನು ಮಾಡಲಿ? ಏಣಿ ಹತ್ತಿದೆ. ನಾಲ್ವರ ಕೋಟಿನ ತೋಳನ್ನು ಮೊಣಕೈ ಮೇಲಕ್ಕೆ ಮೊಟಕು ಮಾಡಿದೆ. ಎಂಟು ತೋಳಿಗೂ ಎರಡೆರಡು ದುಂಡು ಕಲೆ ಇಟ್ಟೆ. ವೆಂಕಟರಾಮಯ್ಯ ಕೆಳಗೆ ನಿಂತು, "ಬಲಗೈಗೆ ಬೇಡಯ್ಯ, ಎಡಗೈಗೆ ಮಾತ್ರ ಹಾಕೋದು ನಾವು. ಇಲಾಖೆಗೆ ಕೆಟ್ಟ ಹೆಸರು ತರಬೇಡ" ಎಂದು ತಿದ್ದಿಸಿದರು. ಆಮೇಲೆ ತೃಪ್ತಿಯಿಂದ 'ಪರಿಶೀಲಿಸಲಾಗಿದೆ' ಎಂದು ಬರೆದುಕೊಂಡು ಹೋದರು.

ನನ್ನ ನಾಲ್ವರಿಗೆ ಮೊದಲ ಗಾಯ ಬಿದ್ದದ್ದು ಹೀಗೆ.

ಎರಡನೆಯದು ಗಂಗಹನುಮಯ್ಯನವರ ಅಕ್ಕ ಲಕ್ಕಮ್ಮನಿಂದ. ಬೋರ್ಡು ನೋಡಲೆಂದೇ ಕಳ್ಳಂಬೆಳ್ಳದಿಂದ ಬಸ್ಸು ಹತ್ತಿ ಬಂದಿದ್ದರು. ನೋಡಿದವರೇ ಬಾಯಿಗೆ ಸೆರಗು ಹಿಡಿದರು.

"ಥೂ! ಮದ್ವೆ ಮನೆಗೆ ಕರೀ ಬಟ್ಟೆ ಉಟ್ಕಂಡು ಬರೋ ಮೂದೇವಿಗಳು ಯಾರ್ಲಾ ಇವು? ಅರಿಸಿಣ ಬಳಿಯೋ ಮೈಗೆ!"

"ಅದು ಅವರ ಡ್ರೆಸ್ಸು ಕಣಮ್ಮ."

"ನನ್ನ ಸೊಸೆ ಕೊರಳಿಗೆ ತಾಳಿ ಬೀಳೋ ಹೊತ್ನಾಗೆ ಕರಿ ಕಂಡ್ರೆ ನಿನ್ನ ಕೈಗೆ ಹುಳ ಬೀಳಾ. ಬಳಿ ಹಳದಿ!"

ಲಕ್ಕಮ್ಮನ ಶಾಪ ಫಲಿಸುತ್ತದೆ ಎನ್ನುವುದು ಹತ್ತು ಹಳ್ಳಿಗೆ ಗೊತ್ತು. ನಾನು ಶಾಪಗೀಪ ನಂಬುವವನಲ್ಲ. ಆದರೂ ಕೈ ನನ್ನದು, ಬೋರ್ಡು ಬರೆಯುವ ಕೈ. ಹಳದಿ ಬಳಿದೆ.

ಮಾರನೆಯ ಬೆಳಿಗ್ಗೆ ಸಾಹೇಬರು ಹಲ್ಲುಜ್ಜುತ್ತಾ ಹೊರಗೆ ಬಂದು ತಲೆಯೆತ್ತಿ ನೋಡಿದರು. ಹಾಗೇ ನಿಂತುಬಿಟ್ಟರು. ಒಳಗೆ ಹೋಗಿ ತಮ್ಮ ಸೆಟ್ಟಿನ ಯೂನಿಫಾರಂ ತಂದರು. ಅದೂ ಹಳದಿಯೇ. ಹದಿನೈದು ವರ್ಷ ಹಳೆಯದು, ಮೊಣಕೈ ಕೆಳಗೆಲ್ಲ ಹರಿದು ಜೋತುಬಿದ್ದಿತ್ತು. ಹಮೀದಾ ಬೇಗಂ ಕತ್ತರಿ ತಂದು ಚಿಂದಿ ಕತ್ತರಿಸಿದರು. ಮೊಟಕು ತೋಳಿನ ಹಳದಿ ಕೋಟು ಸಿದ್ಧವಾಯಿತು.

"ಕೆಂಪ, ನಿನ್ನ ಬೋರ್ಡು ಅರ್ಧ ದಾರಿ ನಮ್ಮ ಕಡೆ ಬಂದದೆ. ಇನ್ನರ್ಧ ನಾವು ಬರ್ತೀವಿ. ಮದ್ವೆ ಉಳೀಲಿ" ಎಂದರು ಸಾಹೇಬರು.

"ಕೂದ್ಲು ಮುಟ್ಟಲ್ಲ ನಾನು! ವಾದ್ಯ ಮುಟ್ಟಲ್ಲ!" ಎಂದು ಕಿರುಚಿದೆ.

"ಕೂದ್ಲು ನಾವು ಹಾಕ್ಕೊಳ್ತೀವಿ. ಮೀಸೆ ನೀನು ಹಾಕು. ನಾನು ಮೀಸೆ ತೆಗೆದ್ರೆ ನಮ್ಮ ಮನೇಲಿ ನನ್ನ ಒಳಗೇ ಬಿಡಲ್ಲ."

ಹೀಗೆ ಗಡಿ ಜಗಳದ ರಾಜಿಯಂತೆ ಎರಡೂ ಕಡೆಯಿಂದ ನಡೆದೆವು. ನಾನು ನಾಲ್ವರಿಗೆ ಮೀಸೆ ಬರೆದೆ. ಸಾಹೇಬರು ಪೌರಾಣಿಕ ನಾಟಕಗಳಿಗೆ ಡ್ರೆಸ್ಸು ಬಾಡಿಗೆ ಕೊಡುವವನ ಹತ್ತಿರ ಹೋದರು. ದೇವತೆಗಳ ಕೂದಲೆಲ್ಲ ಕೊರಟಗೆರೆಯ ನಾಟಕಕ್ಕೆ ಹೋಗಿತ್ತು. ರಾಕ್ಷಸರದು ನಾಲ್ಕು ಉಳಿದಿದ್ದವು. ತಂದು, ಹುಬ್ಬಿನ ಮಟ್ಟಕ್ಕೆ ಕತ್ತರಿಸಿದರು. ಷಡ್ಡಕನ ಬೋಳುತಲೆಯ ಮೇಲೆ ಮಾತ್ರ ಅದು ನಿಲ್ಲದೆ ಜಾರುತ್ತಿತ್ತು. ಮೈದಾ ಅಂಟು ಹಾಕಿ ಕೂರಿಸಿದರು.

ಮದುವೆಯ ದಿನ ಬೆಳಿಗ್ಗೆ ಬೋರ್ಡನ್ನು ಬಸ್ಸಿನ ಮೇಲೆ ಹಾಕಿಕೊಂಡು ಕಳ್ಳಂಬೆಳ್ಳಕ್ಕೆ ಹೋದೆವು. ಅದನ್ನೂ ತರಬೇಕೆಂದು ತಿಮ್ಮರಾಯಪ್ಪ ಹೇಳಿ ಕಳಿಸಿದ್ದ. ಕೆರೆ ಏರಿಯ ಮೇಲೆ ಗಂಡಿನವರನ್ನು ಎದುರುಗೊಳ್ಳುವ ಶಾಸ್ತ್ರ. ಹೆಣ್ಣಿನ ಕಡೆಯವರೆಲ್ಲ ಕಳಶ ಹಿಡಿದು ನಿಂತಿದ್ದರು. ಏರಿಯ ಕೆಳಗಿನ ಮನೆಯ ಕಿಟಕಿಯಿಂದ ಮದುಮಗಳು ರಸ್ತೆಯನ್ನೇ ನೋಡುತ್ತಿದ್ದಳು. ವೆಂಕಟರಾಮಯ್ಯನವರೂ ಬಂದಿದ್ದರು. ಊಟಕ್ಕೋ ಪರಿಶೀಲನೆಗೋ ತಿಳಿಯಲಿಲ್ಲ, ರಿಜಿಸ್ಟರ್ ಮಾತ್ರ ಕಂಕುಳಲ್ಲಿತ್ತು.

ವಳ್ಳೂರಿನ ಲಾರಿ ಬಂದು ನಿಂತಿತು. ಹಿಂದೆ ಅರವತ್ತು ಜನ, ಮುಂದೆ ಡ್ರೈವರ್ ಪಕ್ಕದಲ್ಲಿ ಪೇಟ ಸುತ್ತಿದ ಮದುಮಗ. ಮೊದಲು ಇಳಿದವನು ತಿಮ್ಮರಾಯಪ್ಪ.

"ಇಂಜಿನ್ ಆರಿಸಬೇಡ್ರಾ! ಮೊದ್ಲು ಚೂಸ್ತಾನು" ಎಂದು ಡ್ರೈವರನಿಗೆ ಕೂಗಿದ. ಪಾವಗಡ ಸೀಮೆಯವನ ಕನ್ನಡದಲ್ಲಿ ಅರ್ಧ ತೆಲುಗು, ಮೊದಲು ನೋಡುತ್ತೇನೆ ಎಂದದ್ದು.

ಲಾರಿ ಗುಡುಗುಡು ಎನ್ನುತ್ತಾ ಹೊಗೆ ಬಿಡುತ್ತಿತ್ತು. ಸಾಹೇಬರ ಸೆಟ್ಟು ಸಾಲಾಗಿ ನಿಂತಿತು. ಅವರ ಪಕ್ಕದಲ್ಲಿ ಬೋರ್ಡು ನಿಲ್ಲಿಸಿ ನಾನು ಹಿಂದೆ ನಿಂತು ಹಿಡಿದೆ. ತಿಮ್ಮರಾಯಪ್ಪ ಕೋಲು ಊರಿಕೊಂಡು ಒಬ್ಬೊಬ್ಬರನ್ನೇ ಬೋರ್ಡಿಗೆ ತಾಳೆ ನೋಡಿದ.

"ಕೂದ್ಲು... ಸರಿಗಾ ಉಂದಿ. ಕೋಟು... ಏಮಯ್ಯಾ, ಅವತ್ತು ಕರಿ ಕದಾ?"

"ಮದ್ವೆಗೆ ಯಾರಾದ್ರೂ ಕರಿ ಉಟ್ಕಂಡು ಬತ್ತಾರೇನಪ್ಪಾ ಬೀಗ?" ಎಂದರು ಲಕ್ಕಮ್ಮ.

"ನಿಜಮೇ. ಮೀಸೆ ಇರ್ಲಿಲ್ಲ ಕದಾ?"

"ಮೂರು ವಾರ ಆತಲ್ಲ ಬೀಗ್ರೇ, ಬೆಳೆದವೆ" ಎಂದರು ಗಂಗಹನುಮಯ್ಯ.

"ಅದೂ ನಿಜಮೇ. ತೋಳಲ್ಲಿ ಇದೇನು?"

"ದಾಕು! ನಾಲ್ವರಿಗೂ ಆಗಿದೆ. ಸರ್ಕಾರದ ಜವಾಬ್ದಾರಿ!" ಎಂದು ವೆಂಕಟರಾಮಯ್ಯ ಎದೆಯುಬ್ಬಿಸಿದರು.

ತಿಮ್ಮರಾಯಪ್ಪನ ಕೋಲು ಬೋರ್ಡಿನ ನಡುವೆ ಬಂದು ನಿಂತಿತು.

"ಈ ಉದ್ದ ಕತ್ತಿನ ತಂಬೂರಿ? ಇದೆಲ್ಲಿ? ಇವ್ರ ಕೈಲಿ ಕೊಳವೆ ಇದೆ!"

ಲಾರಿಯೊಂದೇ ಮಾತಾಡುತ್ತಿತ್ತು. ತಿಮ್ಮರಾಯಪ್ಪ ಡ್ರೈವರನ ಕಡೆ ಕೈ ಎತ್ತಿದ, ಡ್ರೈವರ್ ರಿವರ್ಸ್ ಗೇರು ಹಾಕಿದ. ಕಳಶ ಹಿಡಿದ ಹೆಂಗಸರು ಗೊಳೋ ಎಂದರು. ಗಂಗಹನುಮಯ್ಯ ನನ್ನ ಕಡೆ ಕೈಮುಗಿದು ನೋಡಿದರು. ನನ್ನ ಚೀಲದಲ್ಲಿ ಬಣ್ಣವಿತ್ತು, ಕುಂಚವಿತ್ತು. ಎರಡು ಗೀಟು ಎಳೆದರೆ ತಂಬೂರಿ ಕೊಳವೆಯಾಗುತ್ತಿತ್ತು. ಆಮೇಲೆ ನನ್ನ ನಾಲ್ವರದ್ದು ಅನ್ನುವುದು ಬೋರ್ಡಿನಲ್ಲಿ ಏನೂ ಉಳಿಯುತ್ತಿರಲಿಲ್ಲ. ಕಿಟಕಿ ಕಡೆ ನೋಡಿದೆ. ಆ ಹುಡುಗಿ ಸರಳು ಹಿಡಿದು ನಿಂತಿದ್ದಳು. ಥೂ ಎಂದು ಉಗಿದು ಕುಂಚ ತೆಗೆದೆ.

ಅಷ್ಟರಲ್ಲಿ ಸಾಹೇಬರು ಕ್ಲಾರಿಯೋನೆಟ್ಟು ಬಾಯಿಗಿಟ್ಟರು.

ಅದೇ ಹಾಡು! ಸಿಲೋನ್ ಸ್ಟೇಷನ್ನಿನ ಹಾಡು. ಒಂದು ಸ್ವರ ತಪ್ಪಲಿಲ್ಲ. ಅಷ್ಟೇ ಅಲ್ಲ, ಎಲ್ಲಿ ಗರಗರ ಬರಬೇಕೋ ಅಲ್ಲಿ ಷಡ್ಡಕ ಡ್ರಮ್ಮಿನ ಮೇಲೆ ಗರಗರ ಬಾರಿಸಿದ. ತುತ್ತೂರಿ ಎದ್ದಿತು, ತಾಳ ಬಿತ್ತು. ರಾಕ್ಷಸರ ಕೂದಲು ನಾಲ್ಕೂ ಒಟ್ಟಿಗೆ ಕುಣಿದವು. ಲಾರಿಯ ಹಿಂದಿದ್ದ ಅರವತ್ತು ಜನ ಶಿಳ್ಳೆ ಹೊಡೆದರು. ವಳ್ಳೂರಿನ ಒಬ್ಬ ಮುದುಕ ನೆಲಕ್ಕೆ ಬಿದ್ದ. ಮೂರ್ಛೆಯೋ, ಇಳಿಯುವಾಗ ಕಾಲು ಜಾರಿದ್ದೋ, ನಾನು ಈವತ್ತಿಗೂ ಮೂರ್ಛೆ ಎಂದೇ ಹೇಳುತ್ತೇನೆ.

ತಿಮ್ಮರಾಯಪ್ಪ ಬಾಯಿ ಬಿಟ್ಟುಕೊಂಡು ನಿಂತಿದ್ದ. ಹಾಡು ಮುಗಿಯಿತು.

"ರೇಯ್," ಎಂದ ಡ್ರೈವರನಿಗೆ, "ಇಂಜಿನ್ ಆರಿಸ್ರಾ!"

ಎಲ್ಲರೂ ನುಗ್ಗಿದರು. ಆರತಿ, ಅಕ್ಷತೆ, ಬೀಗರ ಅಪ್ಪುಗೆ. ನಾನು ಸಾಹೇಬರ ಹತ್ತಿರ ಹೋಗಿ, "ಇದು ನಿಮಗೆ ಹೆಂಗೆ ಗೊತ್ತು?" ಎಂದೆ.

"ತಿಂಗಳಿಂದ ನನ್ನ ಕಿಟಕಿ ಮುಂದೆ ಏಣಿ ಹಾಕ್ಕೊಂಡು ಇದನ್ನೇ ಶಿಳ್ಳೆ ಹೊಡೀತಿದ್ದೀಯಲ್ಲ ಬೇಟಾ, ಗರಗರ ಸಮೇತ. ನಮ್ಮ ಮುಖಾನಂತೂ ನೀನು ಬರೀಲಿಲ್ಲ. ನಿಂದು ರಾಗಾನಾದ್ರೂ ನಾವು ಬಾರ್ಸೋಣ ಅಂತ ಕಲಿತ್ವಿ."

ಅದಕ್ಕೂ ಸಿಟ್ಟು ಬಂತು. ಇಷ್ಟೆಲ್ಲ ಆದಮೇಲೂ ಆ ನಾಲ್ವರು ಯಾರೆಂದು ಒಬ್ಬನಿಗೂ ತಿಳಿಯದೆ ಹೋಗುವುದು ಅನ್ಯಾಯವಲ್ಲವೆ? ಜೇಬಿನಿಂದ ಹಾಳೆ ತೆಗೆದು ತಿಮ್ಮರಾಯಪ್ಪನ ಮುಖಕ್ಕೆ ಹಿಡಿದೆ.

"ನೋಡ್ರೀ! ಇವರು ಅಸಲು! ಬೋರ್ಡು ಇವರದ್ದು, ಹಾಡು ಇವರದ್ದು!"

ತಿಮ್ಮರಾಯಪ್ಪ ಹಾಳೆಯನ್ನು ಬಿಸಿಲಿಗೆ ಹಿಡಿದು ನೋಡಿದ. ಸಾಹೇಬರ ಸೆಟ್ಟನ್ನು ನೋಡಿದ. ಮತ್ತೆ ಹಾಳೆ.

"ಎವರ್ರಾ ವೀಳ್ಳು? ಯಾರಿವ್ರು? ನಮ್ಮ ಸಾಹೇಬ್ರ ಸೆಟ್ಟು ನೋಡಿ ವೇಷ ಹಾಕವ್ರೆ, ಅದೂ ನೆಟ್ಟಗೆ ಬಂದಿಲ್ಲ. ಮೀಸೇನೇ ಮರ್ತವ್ರೆ!"

"ಕರಿ ಕೋಟು ಬೇರೆ!" ಎಂದು ಲಕ್ಕಮ್ಮ ಇಣುಕಿ ನೋಡಿ ನೆಟಿಕೆ ಮುರಿದರು.

ಹಿಂದಿನಿಂದ ಒಂದು ಕೈ ಬಂದು ಹಾಳೆಯನ್ನು ಮೆಲ್ಲಗೆ ಎಳೆದುಕೊಂಡಿತು. ವೆಂಕಟರಾಮಯ್ಯನವರು. ಕನ್ನಡಕ ಸರಿಮಾಡಿಕೊಂಡು ಎಂಟು ತೋಳನ್ನೂ ಒಂದೊಂದಾಗಿ ನೋಡಿದರು. ಮಣಿಕಟ್ಟಿನವರೆಗೂ ಮುಚ್ಚಿದ್ದವು.

"ನಾನು ಅವತ್ತೇ ಹೇಳ್ಲಿಲ್ವಾ" ಎಂದರು ನನಗೆ.

ಹಾಳೆಯನ್ನು ರಿಜಿಸ್ಟರಿನೊಳಗೆ ಅಂಟಿಸಿ, ಅದರ ಕೆಳಗೆ ಪೆನ್ಸಿಲಿನಲ್ಲಿ ಬರೆದುಕೊಂಡರು. ಆ ಹಾಳೆ ಇನ್ನೂ ಅಲ್ಲೇ ಇದೆ, ಎಷ್ಟು ಕೇಳಿದರೂ ಕೊಡುವುದಿಲ್ಲ. ಸರ್ಕಾರಿ ದಾಖಲೆಯಂತೆ. ಬರೆದಿರುವುದು ಇಷ್ಟೇ:

'ಗಂಡಸರು ನಾಲ್ವರು. ದಾಕು ಬಾಕಿ. ತಲೆಮರೆಸಿಕೊಂಡಿದ್ದಾರೆ.'